ಕಲ್ಲ ಮೇಲೆ ಗಾಲಿ, ನೀರೊಳಗೆ ಕಾಲು

ನಾರಾಯಣಪುರದ ಬಸವಸಾಗರ ಜಲಾಶಯ ದಾಟಿ ಬಂದ ಕೃಷ್ಣೆ ಲಿಂಗಸುಗೂರು ತಾಲ್ಲೂಕಿನ ಜಲದುರ್ಗದ ಹತ್ತಿರ ತನ್ನ ನಡೆಯನ್ನೇ ಬದಲಿಸಿಬಿಡುತ್ತದೆ. ಅಲ್ಲಿಯವರೆಗೆ ಬಯಲಿನಲ್ಲಿ ಹರವಿಕೊಂಡು ಬಂದ ನದಿ ಕವಲೊಡೆದು, ಬಂಡೆ ಕೊರೆದು, ಕೊರಕಲೊಳಗೆ ಧುಮ್ಮಿಕ್ಕುತ್ತದೆ. ಸುಮಾರು ಮೂರು ಮೈಲಿಯೊಳಗೆ 400 ಅಡಿಯಷ್ಟು ಇಳಿತ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ಬರೆದಿಟ್ಟಿದೆ. ಮಳೆಗಾಲದಲ್ಲಿ ಜಲದುರ್ಗದ ಕೋಟೆಯ ಮೇಲೆ ನಿಂತವರಿಗೆ ಬಿಳಿ ನೊರೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅದೇ ಜಾಗಕ್ಕೆ ಮಾರ್ಚ್ ಕಳೆದ ಮೇಲೆ ಹೋಗಬೇಕು. ನೀರು ಸರಿದ ಜಾಗದಲ್ಲೆಲ್ಲ ಬಂಡೆ, ಬಂಡೆಯ ಸಂದಿಯಲ್ಲಿ ದುಂಡುಗಲ್ಲು, ಅದರಾಚೆ ಉಸುಕು, ಅಲ್ಲಲ್ಲಿ ಮಡುಗಟ್ಟಿದ ಹಸಿರು ನೀರು. 250 ಕೋಟಿ ವರ್ಷಕ್ಕೂ ಹಿಂದಿನ ಈ ಕಲ್ಲೇ ಕೆಳಗೆ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ, ಕೊಪ್ಪರ, ಗೂಗಲ್ ಕಡೆಯ ನದಿಪಾತ್ರದಲ್ಲೂ ಎದ್ದು ಕಾಣುತ್ತದೆ. ಮಸರಕಲ್ ಸುತ್ತಿನ ಹೊಲಗಳ ನಡುವೆ ತಲೆ ಎತ್ತಿ ನಿಂತ ಗುಂಡುಗಳೂ ಇದೇ ವಂಶದವು.

ಈ ನೆಲದಲ್ಲಿ ಗಾಡಿ ಓಡಿಸುವುದು ಒಂದು ವಿದ್ಯೆ. ನಮ್ಮ ರಾಯಚೂರು ಜಿಲ್ಲೆಯ ನೂರಾರು ಮಂದಿಗೆ ಅದು ಕೈವಶವಾಗಿದೆ. ಆದರೆ ಅದನ್ನು ವಿದ್ಯೆ ಎಂದು ನಾವು ಯಾರೂ ಕರೆದಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೂಬಿಕಾನ್ ಎಂಬ ಹಾದಿಯಿದೆ. ಸಿಯೆರಾ ನೆವಾಡಾ ಪರ್ವತದ ಗ್ರಾನೈಟ್ ಬಂಡೆಗಳ ಮೇಲೆ ಸುಮಾರು 22 ಮೈಲಿ ಸಾಗುವ ಈ ದಾರಿಯಲ್ಲಿ 1953ರಿಂದ ಪ್ರತಿವರ್ಷ ಜೀಪು ಹೊಡೆಯುವವರ ಜಾತ್ರೆ ಸೇರುತ್ತದೆ. ಕಲ್ಲಿನ ಮೇಲೆ ಜೀಪು ಹತ್ತಿಸುವುದನ್ನು ಹೇಳಿಕೊಡುವ ಗುರುಗಳು, ಪಾಠಶಾಲೆಗಳು, ಪುಸ್ತಕಗಳು ಅಲ್ಲಿವೆ. ಜೀಪ್ ಕಂಪನಿ 2003ರ ಸಾಲಿನ ತನ್ನದೊಂದು ಮಾದರಿಗೆ ಈ ಹಾದಿಯ ಹೆಸರನ್ನೇ ಇಟ್ಟಿತು. ಅಷ್ಟು ದೂರ ಹೋಗುವುದೂ ಬೇಡ. ನಮ್ಮದೇ ನಾಡಿನ ಶಿವಮೊಗ್ಗ ಜಿಲ್ಲೆಯ ಕೊಡಚಾದ್ರಿಗೆ ಕಟ್ಟಿನಹೊಳೆ ಕಡೆಯಿಂದ ಪ್ರವಾಸಿಗರನ್ನು ಹೊತ್ತು ಏರುವ ಜೀಪುಗಳನ್ನು ನೋಡಿದವರು ಆ ಚಾಲಕರಿಗೆ ಕೈಮುಗಿದೇ ಇಳಿಯುತ್ತಾರೆ. ಕೊಡಗಿನ ಮಾಂದಲ್‌ಪಟ್ಟಿಯಲ್ಲೂ ಹಾಗೆಯೇ. ಅಲ್ಲಿ ಮಂಜಿದೆ, ಹಸಿರಿದೆ, ಕ್ಯಾಮೆರಾ ಇದೆ. ಹಾಗಾಗಿ ಚಾಲಕನ ಕೈಚಳಕಕ್ಕೂ ಬೆಲೆ ಬಂದಿದೆ. ದೇವದುರ್ಗ, ಮಾನ್ವಿ, ಲಿಂಗಸುಗೂರಿನ ಚಾಲಕ ಇದೇ ಕೆಲಸವನ್ನು ನಲವತ್ತು ಡಿಗ್ರಿ ಬಿಸಿಲಿನಲ್ಲಿ, ಹತ್ತಿಯ ಅಂಡಿಗೆಯನ್ನೋ ಮೇವಿನ ಹೊರೆಯನ್ನೋ ಕೂಲಿಯವರನ್ನೋ ಹೇರಿಕೊಂಡು ಮಾಡುತ್ತಾನೆ. ಅವನ ಗಾಡಿ ಫೋರ್ ವೀಲ್ ಡ್ರೈವ್ ಆಗಿರುವುದು ಅಪರೂಪ. ಹೆಚ್ಚಿನ ಪಾಲು ಟ್ರ್ಯಾಕ್ಟರ್, ಇಲ್ಲವೇ ಕ್ರೂಸರ್, ಟಂಟಂ, ಟಾಟಾ ಏಸ್.

ಕಲ್ಲಿನ ಹಾದಿಯ ಮೊದಲ ಪಾಠವನ್ನು ರೂಬಿಕಾನಿನ ಗುರುವೂ ಮಸರಕಲ್ ಕಡೆಯ ಟ್ರ್ಯಾಕ್ಟರ್ ಚಾಲಕನೂ ಒಂದೇ ರೀತಿ ಹೇಳುತ್ತಾರೆ: ಮೊದಲು ಇಳಿ, ನಡೆದು ನೋಡು. ಡ್ರೈವರ್ ಸೀಟಿನಿಂದ ಕಾಣುವ ದಾರಿ ಪೂರ್ತಿ ದಾರಿಯಲ್ಲ. ಬಾನೆಟ್ಟಿನ ಮುಂದಿನ ಏಳೆಂಟು ಅಡಿ ನೆಲ ಕಣ್ಣಿಗೆ ಬೀಳುವುದೇ ಇಲ್ಲ. ಯಾವ ಕಲ್ಲು ನೆಲದಲ್ಲಿ ಹೂತಿದೆ, ಯಾವುದು ಸುಮ್ಮನೆ ಮೇಲೆ ಕೂತಿದೆ ಎಂಬುದು ಕಾಲಿನಿಂದ ಒದ್ದು ನೋಡಿದಾಗಲೇ ಗೊತ್ತಾಗುವುದು. ಹೂತ ಕಲ್ಲು ಗಾಡಿಯನ್ನು ಹೊರುತ್ತದೆ. ಮೇಲೆ ಕೂತ ಕಲ್ಲು ಗಾಲಿಯಡಿ ಉರುಳಿ, ಚಿಮ್ಮಿ, ಗಾಡಿಯ ಹೊಟ್ಟೆಗೆ ಬಡಿಯುತ್ತದೆ.

ಹೊಸಬರ ಕೈ ಸೋಲುವುದು ಎರಡನೆಯ ಪಾಠದಲ್ಲಿ. ಎದುರಿಗೆ ದೊಡ್ಡ ಕಲ್ಲು ಬಂದರೆ ಅದನ್ನು ಎರಡೂ ಗಾಲಿಗಳ ನಡುವೆ ಬಿಟ್ಟುಕೊಂಡು ದಾಟಿಬಿಡೋಣ ಎಂದು ಮನಸ್ಸು ಹೇಳುತ್ತದೆ. ಹಾಗೆ ಮಾಡಿದವರ ಚೇಂಬರ್ ಒಡೆದು ಎಂಜಿನ್ ಆಯಿಲ್ ಕಲ್ಲಿನ ಮೇಲೆ ಹರಿಯುತ್ತದೆ, ಇಲ್ಲವೇ ಆಕ್ಸಲ್ಲಿನ ಹೌಸಿಂಗ್ ಬಡಿದು ಗಾಡಿ ಅಲ್ಲೇ ಕೂರುತ್ತದೆ. ಗಾಡಿಯಲ್ಲಿ ನೆಲಕ್ಕೆ ಅತಿ ಹತ್ತಿರ ಇರುವುದು ಈ ಭಾಗಗಳೇ. ಆದ್ದರಿಂದ ಬಲ್ಲವನು ಗಾಲಿಯನ್ನೇ ಕಲ್ಲಿನ ನೆತ್ತಿಯ ಮೇಲೆ ಹತ್ತಿಸುತ್ತಾನೆ. ಗಾಲಿ ಏರಿದರೆ ಅದರ ಜೊತೆ ಹೊಟ್ಟೆಯೂ ಏರುತ್ತದೆ. ಈಗಿನ ಥಾರ್‌ ಜೀಪಿಗೆ 226 ಮಿಲಿಮೀಟರ್ ನೆಲದೆತ್ತರ ಇದೆ. ನಮ್ಮ ಹಳ್ಳಗಳಲ್ಲಿ ಅದನ್ನು ಮೀರಿಸುವ ಕಲ್ಲು ಹೆಜ್ಜೆಗೊಂದು ಸಿಗುತ್ತದೆ. ಎತ್ತರದ ಗಾಡಿ ಕೊಂಡ ಮಾತ್ರಕ್ಕೆ ಈ ಪಾಠ ತಪ್ಪುವುದಿಲ್ಲ.

ಮೂರನೆಯದು ನಿಧಾನ. ಫೋರ್ ವೀಲ್ ಗಾಡಿಗಳಲ್ಲಿ ಲೋ ಗೇರಿನ ಸಣ್ಣ ಲಿವರ್ ಇರುವುದೇ ಇದಕ್ಕೆ. ಥಾರ್‌ನಲ್ಲಿ ಅದನ್ನು ಎಳೆದರೆ ವೇಗ ಎರಡೂವರೆ ಪಟ್ಟು ಕುಗ್ಗಿ, ಎಳೆಯುವ ಬಲ ಅಷ್ಟೇ ಪಟ್ಟು ಹೆಚ್ಚುತ್ತದೆ. ಟ್ರ್ಯಾಕ್ಟರಿಗೆ ಇದು ಹುಟ್ಟುಗುಣ. ಲೋ ಒಂದನೇ ಗೇರಿನಲ್ಲಿ ಗಂಟೆಗೆ ಎರಡು ಮೂರು ಕಿಲೋಮೀಟರ್, ಅಂದರೆ ಮನುಷ್ಯ ಸಾವಕಾಶ ನಡೆಯುವುದಕ್ಕಿಂತಲೂ ನಿಧಾನ. ಆ ವೇಗದಲ್ಲಿ ಗಾಲಿ ಕಲ್ಲನ್ನು ತಡವಿ, ಹಿಡಿದು, ಹತ್ತಿ, ಇಳಿಯುತ್ತದೆ. ಜೋರಾಗಿ ನುಗ್ಗಿದರೆ ಹಿಡಿಯುವುದಕ್ಕೆ ಅದಕ್ಕೆ ಪುರಸೊತ್ತೇ ಸಿಗುವುದಿಲ್ಲ. ಇಳಿಜಾರಿನಲ್ಲಂತೂ ಕ್ಲಚ್ ಮುಟ್ಟುವ ಹಾಗೇ ಇಲ್ಲ. ಗೇರಿನಲ್ಲಿದ್ದರೆ ಎಂಜಿನ್ ತಾನೇ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಕ್ಲಚ್ ಒತ್ತಿದ ಗಳಿಗೆಯಲ್ಲೇ ಆ ಹಿಡಿತ ಬಿಟ್ಟುಹೋಗುತ್ತದೆ. ತುಂಬಿದ ಟ್ರ್ಯಾಲಿಗೆ ಬಹಳ ಸಲ ಬ್ರೇಕೇ ಇರುವುದಿಲ್ಲ. ಅದು ಹಿಂದಿನಿಂದ ನೂಕಿ, ಟ್ರ್ಯಾಕ್ಟರನ್ನು ಅಡ್ಡ ತಿರುಗಿಸಿ ಮಗುಚಿದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ವರ್ಷವಿಡೀ ಬರುತ್ತದೆ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಚಾಳಿ ಎಷ್ಟು ಜೀವ ತಿಂದಿದೆಯೋ!

ಬೇಸಿಗೆಯ ಒಂದು ಬೆಳಗ್ಗೆ ಮಸರಕಲ್ ಸೀಮೆಯ ಒಂದು ಹಳ್ಳದಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು. ಹಳ್ಳದ ಆಚೆ ದಂಡೆಯ ಹೊಲದಿಂದ ಮೇವು ತರಲು ಹೊರಟಿದ್ದ ಟ್ರ್ಯಾಕ್ಟರ್ ಅದು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದ ಮೇಲೆ ದೇವದುರ್ಗ ತಾಲ್ಲೂಕಿನ ಹಲವು ಹಳ್ಳಗಳಲ್ಲಿ ಬೇಸಿಗೆಯಲ್ಲೂ ಬಸಿನೀರು ಹರಿಯುತ್ತದೆ, ಹರಿಯುವಲ್ಲೆಲ್ಲ ಕಲ್ಲಿಗೆ ಪಾಚಿ ಹಿಡಿಯುತ್ತದೆ. ಚಾಲಕ ದಂಡೆಯಲ್ಲಿ ಎಂಜಿನ್ ಬಂದ್ ಮಾಡದೆ ಗಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಚಪ್ಪಲಿ ಬಿಚ್ಚಿಟ್ಟು ನೀರಿಗಿಳಿದ. ಕೈಯಲ್ಲೊಂದು ಬಡಿಗೆ. ಬರಿಗಾಲಿನಲ್ಲಿ ಒಂದೊಂದೇ ಬಂಡೆಯನ್ನು ಉಜ್ಜಿ ನೋಡುತ್ತ ಆಚೆ ದಂಡೆ ಮುಟ್ಟಿ, ಬೇರೆ ದಾರಿಯಲ್ಲಿ ಅದೇ ರೀತಿ ತಡವುತ್ತ ಬಂದ. ಹೋದ ದಾರಿಯನ್ನು ಬಿಟ್ಟು ಬಂದ ದಾರಿಯನ್ನು ಆರಿಸಿಕೊಂಡ. ಅದು ಉದ್ದದ ದಾರಿ. ಆದರೆ ಅಲ್ಲಿ ಬಂಡೆ ಒರಟಾಗಿತ್ತು, ನೀರು ಮೊಣಕಾಲಿಗಿಂತ ಕೆಳಗಿತ್ತು.

ಆಮೇಲೆ ಬ್ರೇಕ್ ಪೆಡಲುಗಳ ನಡುವಿನ ಚಿಲಕ ತೆಗೆದ. ಟ್ರ್ಯಾಕ್ಟರಿನಲ್ಲಿ ಎಡಗಾಲಿಗೊಂದು, ಬಲಗಾಲಿಗೊಂದು ಬ್ರೇಕ್ ಬೇರೆ ಬೇರೆ ಇರುತ್ತದೆ. ರಸ್ತೆಯಲ್ಲಿ ಹೋಗುವಾಗ ಎರಡನ್ನೂ ಚಿಲಕ ಹಾಕಿ ಕೂಡಿಸಬೇಕು, ಹೊಲದಲ್ಲಿ ಬಿಡಿಸಬೇಕು. ನೀರಿನ ನಡುವೆ ಬಲಗಡೆಯ ಹಿಂದಿನ ಗಾಲಿ ಪಾಚಿಯ ಮೇಲೆ ಜಾರಿ ಗಿರಗಿರನೆ ತಿರುಗತೊಡಗಿತು. ಬೇರೆಯವರಾದರೆ ಎಕ್ಸಲೇಟರ್ ಏರಿಸುತ್ತಿದ್ದರು. ಈತ ಎಕ್ಸಲೇಟರ್ ಇಳಿಸಿ, ಬಲ ಬ್ರೇಕನ್ನು ಮಾತ್ರ ಹಗುರಾಗಿ ಒತ್ತಿ ಹಿಡಿದ. ತಿರುಗುತ್ತಿದ್ದ ಗಾಲಿ ನಿಂತಿತು, ಅಲ್ಲಿ ಪೋಲಾಗುತ್ತಿದ್ದ ಬಲವೆಲ್ಲ ಎರಡೂ ಗಾಲಿಗೆ ಬಲ ಹಂಚುವ ಡಿಫರೆನ್ಷಿಯಲ್ ಮೂಲಕ ಎಡಗಾಲಿಗೆ ಹೋಯಿತು. ಎಡಗಾಲಿ ಒರಟು ಬಂಡೆ ಕಚ್ಚಿಕೊಂಡಿತು. ಟ್ರ್ಯಾಕ್ಟರ್ ಒಂದು ಸಲ ನಡುಗಿ ಮೇಲೆದ್ದಿತು. ಲಕ್ಷಾಂತರ ರೂಪಾಯಿಯ ಹೊಸ ಜೀಪುಗಳಲ್ಲಿ ಕಂಪ್ಯೂಟರ್ ಮಾಡುವ ಕೆಲಸ ಇದೇ. ಇಲ್ಲಿ ಅದನ್ನು ಒಂದು ಪಾದ ಮಾಡಿತು. ಹಿಮ್ಮಡಿಯ ಹತ್ತಿರ ಡಿಫ್ ಲಾಕ್ ಪೆಡಲ್ ಇದ್ದರೂ ಆತ ಅದನ್ನು ಮುಟ್ಟಲಿಲ್ಲ. ಡಿಫ್ ಲಾಕ್ ಒತ್ತಿದರೆ ಎರಡೂ ಗಾಲಿ ಒಟ್ಟಿಗೇ ತಿರುಗಬೇಕಾಗುತ್ತದೆ, ಆಗ ಗಾಡಿ ನೆಟ್ಟಗೆ ಮಾತ್ರ ಹೋದೀತು. ಆತನಿಗೆ ಎರಡು ಮಾರು ಮುಂದೆ ಹೊರಳಬೇಕಿತ್ತು. ಒತ್ತಿಕೊಂಡೇ ಹೊರಳಿಸಿದ್ದರೆ ಒಳಗಿನ ಹಲ್ಲು ಮುರಿಯುತ್ತಿತ್ತು.

ಇನ್ನೊಂದು ಸಣ್ಣ ಸಂಗತಿ ಗಮನಿಸಿದೆ. ಆತನ ಹೆಬ್ಬೆರಳುಗಳು ಸ್ಟೇರಿಂಗಿನ ಒಳಗೆ ಸುತ್ತಿಕೊಂಡಿರಲಿಲ್ಲ, ಹೊರಗೆ ಚಕ್ರದ ಮೇಲೆಯೇ ಒರಗಿದ್ದವು. ಮುಂದಿನ ಗಾಲಿ ಕಲ್ಲಿಗೆ ಬಡಿದಾಗ ಸ್ಟೇರಿಂಗ್ ಒಮ್ಮೆಲೇ ಹಿಂದಕ್ಕೆ ಹೊಡೆಯುತ್ತದೆ. ಒಳಗಿದ್ದ ಹೆಬ್ಬೆರಳು ಅಡ್ಡಪಟ್ಟಿಗೆ ಸಿಕ್ಕಿ ಮುರಿಯುತ್ತದೆ. ಪವರ್ ಸ್ಟೇರಿಂಗ್ ಇಲ್ಲದ ಹಳೆಯ ಜೀಪು ಹೊಡೆದವರಿಗೆಲ್ಲ ಇದು ಗೊತ್ತು. ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಇದನ್ನು ಹೇಳಿಕೊಡುವುದನ್ನು ನಾನು ಕೇಳಿಲ್ಲ. ಅಪ್ಪನಿಂದ ಮಗನಿಗೆ, ಮಾಲೀಕನಿಂದ ಆಳಿಗೆ, ಕ್ಲೀನರ್ ಆಗಿ ಸೇರಿದ ಹುಡುಗನಿಗೆ ಹಿರಿಯ ಡ್ರೈವರ್‌ನಿಂದ ಇದು ದಾಟುತ್ತ ಬಂದಿದೆ.

ಗಾಳಿಯ ವಿಷಯವೂ ಅಷ್ಟೇ. ಡಾಂಬರಿನ ಮೇಲೆ ಮೂವತ್ತು ಪಾಯಿಂಟ್ ಗಾಳಿಯಲ್ಲಿ ಓಡುವ ಜೀಪಿನ ಟಯರನ್ನು ಹದಿನೆಂಟಿಪ್ಪತ್ತಕ್ಕೆ ಇಳಿಸಿದರೆ ಅದು ಕಲ್ಲನ್ನು ಅವಚಿಕೊಳ್ಳುತ್ತದೆ, ಉಸುಕಿನಲ್ಲಿ ಹೂಳುವುದಿಲ್ಲ. ಅದಕ್ಕಿಂತ ಬಹಳ ಇಳಿಸಿದರೆ ತಿರುವಿನಲ್ಲಿ ಟಯರ್ ರಿಮ್ಮಿನಿಂದ ಕಳಚಿಕೊಳ್ಳುವ ಭಯ. ಚೂಪುಗಲ್ಲಿದ್ದಲ್ಲಿ ಮೆತ್ತಗಾದ ಟಯರಿನ ಪಕ್ಕೆ ಸೀಳಿಹೋಗುವುದೂ ಉಂಟು. ಎರೆ ನೆಲ, ಮಸಾರಿ ನೆಲ, ಉಸುಕು, ಕಲ್ಲು ಎಂಬ ನಾಲ್ಕೂ ಒಂದೇ ಊರಿನ ಸೀಮೆಯೊಳಗೆ ಸಿಗುವ ನಾಡು ನಮ್ಮದು. ಮಳೆ ಬಿದ್ದ ಎರೆಯಲ್ಲಿ ಗಾಲಿಗೆ ಮಣ್ಣು ಮೆತ್ತಿ ಗಾಡಿ ಕೂತುಬಿಡುತ್ತದೆ. ಅರ್ಧ ಮೈಲಿ ಆಚೆ ಮಸಾರಿಯಲ್ಲಿ ಅದೇ ಮಳೆ ಹಾದಿಯನ್ನು ಗಟ್ಟಿ ಮಾಡಿರುತ್ತದೆ. ಇಷ್ಟು ಬಗೆಯ ನೆಲದಲ್ಲಿ ಪಳಗಿದ ಚಾಲಕ ಎಲ್ಲಿಗೆ ಹೋದರೂ ಬದುಕಿಯಾನು.

ನೀರಿನ ಮಾತು ಬೇರೆ. ಕಲ್ಲು ಕಾಣುತ್ತದೆ, ನೀರು ಮುಚ್ಚುತ್ತದೆ. ಹರಿಯದೆ ನಿಂತ ನೀರಿನಲ್ಲಿ ಹೊಸ ಥಾರ್ 650 ಮಿಲಿಮೀಟರ್ ಆಳದವರೆಗೆ ಇಳಿಯಬಹುದೆಂದು ಕಂಪನಿ ಹೇಳುತ್ತದೆ, ಅಂದರೆ ಎರಡಡಿಗೆ ಸ್ವಲ್ಪ ಮೇಲೆ. ಅದು ಮೀರಿ ಏರ್ ಫಿಲ್ಟರಿನ ದಾರಿಯಾಗಿ ಎಂಜಿನ್ ಒಳಗೆ ನೀರು ಹೊಕ್ಕರೆ ಕೆಲಸ ಕೆಟ್ಟಿತು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲು ಬರುವುದಿಲ್ಲ. ಮೇಲೇರಿದ ಪಿಸ್ಟನ್ ನೀರಿಗೆ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನ ನಡುವೆ ಬಂದ್ ಬಿದ್ದ ಎಂಜಿನನ್ನು ಮತ್ತೆ ಮತ್ತೆ ಸೆಲ್ಫ್ ಹೊಡೆದು ಎಬ್ಬಿಸಬಾರದು ಎನ್ನುವುದು ಈ ಕಾರಣಕ್ಕೆ. ಇನ್ನೊಂದು ಅಪಾಯ ಕಣ್ಣಿಗೆ ಬೀಳದ್ದು. ದೂರದಿಂದ ಓಡಿ ಬಂದು ಕಾದ ಹೌಸಿಂಗ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಸಣ್ಣ ಸಂದಿಗಳಿಂದ ನೀರನ್ನು ಹೀರಿಕೊಳ್ಳುತ್ತದೆ. ತಿಂಗಳ ಮೇಲೆ ಆಯಿಲ್ ಬಿಚ್ಚಿ ನೋಡಿದರೆ ಹಾಲಿನ ಬಣ್ಣ. ದಂಡೆಯಲ್ಲಿ ಒಂದು ಬೀಡಿ ಸೇದುವಷ್ಟು ಹೊತ್ತು ನಿಂತು ಇಳಿಯುವ ಹಿರಿಯ ಡ್ರೈವರುಗಳು ಗಾಡಿಯನ್ನು ಆರಿಸುತ್ತಿರುತ್ತಾರೆ. ನೋಡುವವರಿಗೆ ಅದು ಸೋಮಾರಿತನ.

ಹರಿಯುವ ನೀರಿನ ಎದುರು ಇದ್ಯಾವುದೂ ಸಾಲದು. ಒಂದಡಿ ಹರಿವ ನೀರು ಸಣ್ಣ ಕಾರನ್ನು ನೆಲದಿಂದ ಎತ್ತಬಲ್ಲದು. ಎರಡಡಿ ನೀರು ದೊಡ್ಡ ವಾಹನಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು. ನೀರಿನ ವೇಗ ಇಮ್ಮಡಿಯಾದರೆ ಅದರ ನೂಕುಬಲ ನಾಲ್ಮಡಿ. ಇದಕ್ಕೆ ಈಚಿನ ವರ್ಷಗಳಲ್ಲಿ ಇನ್ನೊಂದು ಕೂಡಿಕೊಂಡಿದೆ. ಕೃಷ್ಣಾ ಪಾತ್ರದಲ್ಲಿ ಉಸುಕು ಎತ್ತಿದ ಜಾಗಗಳಲ್ಲಿ ಆಳದ ಗುಂಡಿಗಳು ಬಿದ್ದಿವೆ. ಹಿಂದೆ ಹೊಳೆ ದಾಟುವವರಿಗೆ ತಲೆಮಾರುಗಳಿಂದ ಗೊತ್ತಿದ್ದ ಹಾಯುಹಾದಿ ಈಗ ಒಂದು ರಾತ್ರಿಯಲ್ಲಿ ಬದಲಾಗುತ್ತದೆ. ಐದು ಹೆಕ್ಟೇರಿಗಿಂತ ಸಣ್ಣ ಮರಳು ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು 2012ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ದೇವದುರ್ಗದ ದಂಡೆಯಲ್ಲಿ ನಿಂತು ನೋಡಿದರೆ ಆ ಮಾತು ಎಷ್ಟು ದೂರ ತಲುಪಿದೆ ಎಂದು ಸಂಕಟವಾಗುತ್ತದೆ. ಗುಂಡಿಗೆ ಬಿದ್ದು ಮುಳುಗುವುದು ಉಸುಕು ಒಯ್ದವರ ಲಾರಿಯಲ್ಲ, ಮೇವು ತರಲು ಹೋದವನ ಟ್ರ್ಯಾಕ್ಟರ್, ಈಜಲು ಇಳಿದ ಹುಡುಗ.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಬಂದಿತ್ತು. ನಾರಾಯಣಪುರದಿಂದ ಬಿಟ್ಟ ನೀರು 6 ಲಕ್ಷ ಕ್ಯುಸೆಕ್‌ನ ಆಸುಪಾಸಿಗೆ ಏರಿತ್ತು. ಸೆಕೆಂಡಿಗೆ ಒಂದೂ ಮುಕ್ಕಾಲು ಕೋಟಿ ಲೀಟರಿನ ಹತ್ತಿರ. ಆ ದಿನಗಳಲ್ಲಿ ದೇವದುರ್ಗ–ಯಾದಗಿರಿ ಹಾದಿಯಲ್ಲಿ, ಹಿರೇರಾಯಕುಂಪಿ ಗ್ರಾಮದ ಬಳಿ, ಒಂದು ಆಂಬುಲೆನ್ಸ್ ಮುಳುಗಿದ ಸೇತುವೆಯ ಮುಂದೆ ನಿಂತಿತು. ಒಳಗೆ ಒಬ್ಬ ಮಹಿಳೆಯ ಶವ, ಜೊತೆಗೆ ಮಕ್ಕಳು. ಸೇತುವೆಯ ಅಂಚು ಎಲ್ಲಿ, ನೀರು ಎಷ್ಟು ಆಳ ಎಂದು ಚಾಲಕನಿಗೆ ತಿಳಿಯುವಂತಿರಲಿಲ್ಲ. ಅಲ್ಲೇ ಇದ್ದ ಆರನೇ ತರಗತಿಯ ಹುಡುಗ ವೆಂಕಟೇಶ ನೀರಿಗಿಳಿದು ಗಾಡಿಯ ಮುಂದೆ ಓಡಿದ. ನೀರಿನಲ್ಲಿ ಏಳುತ್ತ ಬೀಳುತ್ತ, ಕೈಯಾಡಿಸುತ್ತ ದಾರಿ ತೋರಿಸಿದ. ಅವನ ಹಿಂದೆ ಆಂಬುಲೆನ್ಸ್ ಆಚೆ ದಂಡೆ ಸೇರಿತು. ಆ ವಿಡಿಯೊ ದೇಶವೆಲ್ಲ ನೋಡಿತು. ಸ್ವಾತಂತ್ರ್ಯ ದಿನದಂದು ಜಿಲ್ಲಾಡಳಿತ ಹುಡುಗನನ್ನು ಗೌರವಿಸಿತು, ಮುಂದೆ 2019ರ ಸಾಲಿನ ರಾಷ್ಟ್ರೀಯ ಶೌರ್ಯ ಪ್ರಶಸ್ತಿಯೂ ಬಂತು.

ಆ ಹುಡುಗನ ಧೈರ್ಯದ ಬಗ್ಗೆ ಎಲ್ಲರೂ ಬರೆದರು. ನನಗೆ ಅದರೊಳಗೆ ಕಂಡದ್ದು ತಿಳಿವಳಿಕೆ. ಸೇತುವೆ ಎಲ್ಲಿ ಬಾಗುತ್ತದೆ, ಅಂಚು ಎಷ್ಟು ದೂರ ಎಂಬುದು ಅವನ ಕಾಲಿಗೆ ಗೊತ್ತಿತ್ತು, ದಿನಾ ನಡೆದ ದಾರಿ ಅದು. ಗಾಡಿಯ ಮುಂದೆ ನಡೆದು ದಾರಿ ತೋರಿಸುವವನಿಗೆ ರೂಬಿಕಾನಿನಲ್ಲಿ ಚಾಲಕನಷ್ಟೇ ಮರ್ಯಾದೆ. ಕಲ್ಲಿನ ಹಾದಿಯಲ್ಲಿ ಅವನ ಕೈಸನ್ನೆಯನ್ನು ಬಿಟ್ಟು ಬೇರೆಯವರ ಮಾತನ್ನು ಚಾಲಕ ಕೇಳಬಾರದು ಎಂಬುದು ಅಲ್ಲಿನ ನಿಯಮ. ನಮ್ಮಲ್ಲಿ ಆ ಕೆಲಸ ಹನ್ನೆರಡು ವರ್ಷದ ಮಗುವಿನ ಪಾಲಿಗೆ ಬಂತು. ಅವನು ಬದುಕಿ ಬಂದ, ನಮ್ಮ ಪುಣ್ಯ. ಮುಂದಿನ ಪ್ರವಾಹದಲ್ಲಿ ಇನ್ನೊಂದು ಮಗು ಹೀಗೆ ಇಳಿಯುವ ಪ್ರಸಂಗ ಬರಕೂಡದು.

ಆದರೆ ಪ್ರಸಂಗ ಬರುತ್ತಲೇ ಇದೆ. ನಾರಾಯಣಪುರದಿಂದ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲೆಲ್ಲ ಲಿಂಗಸುಗೂರಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ಹಂಚಿನಾಳ, ಯಳಗುಂದಿ, ಯರಗೋಡಿ, ಕಡದರಗಡ್ಡಿ, ಜಲದುರ್ಗದವರು ಸುತ್ತು ಹಾಕಿ ಪೇಟೆಗೆ ಬರಬೇಕು. ಕರಕಲಗಡ್ಡಿ, ಮ್ಯಾದರಗಡ್ಡಿ, ಓಂಕಾರಗಡ್ಡಿಯಲ್ಲಿ ಬದುಕುವವರಿಗೆ ನಾಲ್ಕೂ ಕಡೆ ನೀರು. ದೇವದುರ್ಗದ ಹೂವಿನಹೆಡಗಿ ಸೇತುವೆಯೂ ದೊಡ್ಡ ಪ್ರವಾಹಕ್ಕೆ ಮುಳುಗುತ್ತದೆ. ಈ ಊರುಗಳಲ್ಲಿ ಬಾಣಂತಿಯನ್ನು, ಹಾವು ಕಚ್ಚಿದವರನ್ನು ಹೊತ್ತ ಗಾಡಿ ಕಲ್ಲಿನ ಹಾದಿಯಲ್ಲೋ ನೀರಿನ ಅಂಚಿನಲ್ಲೋ ಸಾಗಲೇಬೇಕಾದ ದಿನಗಳಿವೆ. ಆ ಗಾಡಿ ಹೊಡೆಯುವವನು ಲೈಸೆನ್ಸಿಗಾಗಿ ಕೊಟ್ಟ ಪರೀಕ್ಷೆಯಲ್ಲಿ ಎಂಟು ಹಾಕಿ ತೋರಿಸಿದ್ದಾನೆ, ರಿವರ್ಸ್ ತೆಗೆದಿದ್ದಾನೆ. ಪಾಚಿಗಲ್ಲಿನ ಮೇಲೆ ಗಾಲಿ ಜಾರಿದರೆ ಏನು ಮಾಡಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಈಚೆಗೆ ನಗರದ ಹುಡುಗರು ಹೊಸ ಜೀಪು ತಂದು ನದಿಪಾತ್ರದಲ್ಲಿ ಇಳಿಸಿ ವಿಡಿಯೊ ಮಾಡುವುದು ನಾಡಿನಲ್ಲೆಲ್ಲ ಹೆಚ್ಚುತ್ತಿದೆ. ಜಲದುರ್ಗದ ಕೊರಕಲು ಅಂಥವರ ಕಣ್ಣಿಗೆ ಇನ್ನೂ ಪೂರ್ತಿ ಬಿದ್ದಿಲ್ಲ. ಬೀಳುವ ಮೊದಲೇ ಹೇಳಿಬಿಡುತ್ತೇನೆ, ನೀರಿರುವ ಪಾತ್ರ ಆಟದ ಬಯಲಲ್ಲ. ಕೃಷ್ಣೆಯ ಮಡುಗಳಲ್ಲಿ ಮೊಸಳೆಗಳಿವೆ, ಬೇಸಿಗೆಯಲ್ಲಿ ಅವು ಮೊಟ್ಟೆ ಇಡುವುದು ಇದೇ ಉಸುಕಿನಲ್ಲಿ. ನೆಲದ ಮೇಲೆ ಕಟ್ಟುವ ಹಕ್ಕಿಗೂಡುಗಳೂ ಅಲ್ಲೇ. ರೂಬಿಕಾನಿನವರೂ ಇದನ್ನು ಪೆಟ್ಟು ತಿಂದೇ ಕಲಿತರು. ಹಾದಿ ಬಿಟ್ಟು ಇಳಿಯಬೇಡಿ, ಹೊಳೆಯನ್ನು ನಿಗದಿಯಾದ ಜಾಗದಲ್ಲಿ ಮಾತ್ರ ದಾಟಿ ಎಂಬ ಅಭಿಯಾನವನ್ನು ಅಮೆರಿಕದ ಅರಣ್ಯ ಇಲಾಖೆ 1985ರಲ್ಲಿ ಶುರುಮಾಡಬೇಕಾಯಿತು. ಕಲ್ಲಿನ ಹಾದಿಯ ರುಚಿ ಬೇಕೆನ್ನುವವರಿಗೆ ಕೆಲಸ ನಿಂತ ಕಲ್ಲುಗಣಿಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಅನುಮತಿ ಪಡೆದು ಅಲ್ಲಿ ಕಲಿಯಬಹುದು.

ಕಲಿಸುವವರು ಊರಲ್ಲೇ ಇದ್ದಾರೆ. ಪ್ರತಿವರ್ಷ ಮೇ ತಿಂಗಳಲ್ಲಿ, ಮಳೆಗೆ ಮೊದಲು, ದೇವದುರ್ಗ ಮತ್ತು ಲಿಂಗಸುಗೂರು ತಾಲ್ಲೂಕುಗಳ ಆಂಬುಲೆನ್ಸ್, ಶಾಲಾ ವಾಹನ, ಸಾರಿಗೆ ಬಸ್ಸಿನ ಚಾಲಕರನ್ನು ಎರಡು ದಿನ ಒಂದು ಒಣ ಹಳ್ಳಕ್ಕೆ ಕರೆತಂದು, ನಲವತ್ತು ವರ್ಷ ಟ್ರ್ಯಾಕ್ಟರ್ ಹೊಡೆದ ಒಬ್ಬಿಬ್ಬರನ್ನು ಗುರುಗಳಾಗಿ ನಿಲ್ಲಿಸಿದರೆ ಆಗುವ ಖರ್ಚಾದರೂ ಎಷ್ಟು? ಗುರುವಿಗೆ ಸಂಭಾವನೆ ಕೊಡಬೇಕು, ತಾಲ್ಲೂಕು ಆಡಳಿತದ ರುಜು ಇರುವ ಪ್ರಮಾಣಪತ್ರ ಕೊಡಬೇಕು. ಮುಳುಗುವ ಪ್ರತಿ ಸೇತುವೆಯ ಎರಡೂ ಅಂಚಿಗೆ ಅಡಿಗಳ ಗುರುತಿರುವ ಕಂಬ ನೆಡಬೇಕು. ಒಂದಡಿಯ ಗೆರೆಗೆ ಕೆಂಪು ಬಣ್ಣ ಬಳಿದು, ನೀರು ಅದನ್ನು ಮುಟ್ಟಿದ ಕೂಡಲೇ ಯಾವ ಗಾಡಿಯನ್ನೂ ಬಿಡದೆ ಎರಡೂ ಕಡೆ ಸರಪಳಿ ಹಾಕುವ ಕಾವಲುಗಾರನನ್ನು ಅದೇ ಊರಿನಿಂದ ನೇಮಿಸಬೇಕು. ಈ ವರ್ಷದ ಮುಂಗಾರಿಗೆ ಮೊದಲು ಶೀಲಹಳ್ಳಿ, ಹೂವಿನಹೆಡಗಿ, ಹಿರೇರಾಯಕುಂಪಿಯ ಮೂರು ಕಡೆ ಇದನ್ನು ಮಾಡಿ ನೋಡಬಹುದು.